ಯುದ್ಧದ ಚಿತ್ರಗಳೂ ನಡೆದ ಯುದ್ಧಗಳೂ

ಕಳೆದ ತಿಂಗಳ ಎರಡನೆಯ ರವಿವಾರ ಸಾಯಂಕಾಲ ನಮ್ಮ ಉಚಿತ ವಾಚನಾಲಯದ ಗೋಡೆಗೆ ಬಿಳಿಯ ಪಂಚೆಯೊಂದನ್ನು ಕಟ್ಟಿ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೋರಿಸಿದ್ದನ್ನು ಅಂದು ಬಂದಿದ್ದ ಸದಸ್ಯರು ಮರೆತಿರಲಾರರು. ಕುರ್ಚಿಗಳು ಸಾಲದೆ ಹಲವರು ಜಮಖಾನದ ಮೇಲೆಯೇ ಕುಳಿತಿದ್ದರು. ಚಿತ್ರ ಮುಗಿದು ದೀಪ ಹತ್ತಿದ ಕೂಡಲೆ ಮುಂದಿನ ಸಾಲಿನಲ್ಲಿದ್ದ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಪಕ್ಕದಲ್ಲಿದ್ದ ತನ್ನ ಅಜ್ಜನನ್ನು, “ಅಜ್ಜಾ, ಇದೆಲ್ಲಾ ಖರೇನ ನಡದಿತ್ತೇನು?” ಎಂದು ಕೇಳಿದಳು. ಅಜ್ಜ ಬೈಲಹೊಂಗಲದ ಕಡೆಯವರು. “ನಡದಿತ್ತವಾ. ಸುಳ್ಳಾದ್ರ ಸಿನಿಮಾದಾಗ ಯಾಕ ತೋರಸ್ತಿದ್ರು?” ಎಂದರು. ಹಿಂದಿನ ಸಾಲಿನಲ್ಲಿದ್ದ ಮಂಗಳೂರು ಕಡೆಯ ನಿವೃತ್ತ ಮಾಸ್ತರರಿಗೆ ಇದು ಸರಿಬೀಳಲಿಲ್ಲ. “ಸಿನಿಮಾದಲ್ಲಿ ಎಂತದ್ದು ಬೇಕಾದರೂ ತೋರಿಸ್ತಾರೆ ಮಾರಾಯ್ರೆ. ಅದನ್ನೆಲ್ಲ ಚರಿತ್ರೆ ಅಂತ ಹೇಳ್ಲಿಕ್ಕುಂಟಾ?” ಎಂದುಬಿಟ್ಟರು. ಚಹಾ ತಣ್ಣಗಾಗುವವರೆಗೂ ವಾದ ನಡೆಯಿತು. ಕೊನೆಗೆ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, ಈ ವಿಷಯವಾಗಿ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಅಪ್ಪಣೆ ಮಾಡಿದರು.

ಪ್ರಶ್ನೆ ಸಣ್ಣದೇನೂ ಅಲ್ಲ. ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಕಿತ್ತೂರಿನ ಕಥೆ ಲಾವಣಿಯಲ್ಲಿ, ಜಾತ್ರೆಯ ನಾಟಕದಲ್ಲಿ, ಶಾಲೆಯ ಪಾಠದಲ್ಲಿ, ಅಜ್ಜಿಯ ಬಾಯಲ್ಲಿ, ಹೀಗೆ ನಾಲ್ಕು ದಾರಿಯಿಂದ ಬಂದು ಸೇರುತ್ತದೆ. ಈ ಘೋಡಬಂದರ್ ರಸ್ತೆಯ ಬಹುಮಹಡಿ ಕಟ್ಟಡಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಆ ನಾಲ್ಕೂ ಇಲ್ಲ. ಅವರು ಓದುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ನಾಡಿನ ರಾಜರೂ ರಾಣಿಯರೂ ಅವರಿಗೆ ಪರಿಚಯವಾಗುವುದು ಚಿತ್ರಗಳ ಮೂಲಕವೇ. ಒಂದೇ ಕಿಟಕಿ ಇರುವ ಮನೆಯಲ್ಲಿ ಆ ಕಿಟಕಿಯ ಗಾಜು ಯಾವ ಬಣ್ಣದ್ದೆಂದು ವಿಚಾರಿಸಬೇಕಾಗುತ್ತದೆ.

ಮೊದಲು ನಮ್ಮ ಮನೆಯ ಬಾಗಿಲಿನಿಂದಲೇ ಹೊರಡೋಣ. ನಮ್ಮ ರಸ್ತೆಗೆ ಹೆಸರು ಕೊಟ್ಟ ಘೋಡಬಂದರ್ ಎಂಬ ಊರು ಖಾಡಿಯ ದಂಡೆಯಲ್ಲಿದೆ; ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರಾದ್ದರಿಂದ ಆ ಹೆಸರು ಬಂತೆಂದು ಹೇಳುವರು. ಅಲ್ಲಿ ಗುಡ್ಡದ ಮೇಲೆ ಪೋರ್ಚುಗೀಸರು ಕಟ್ಟಿದ ಕೋಟೆಯುಂಟು. 1737ರಲ್ಲಿ ಅದು ಮರಾಠರ ಕೈಸೇರಿತು. ಅದೇ ವರ್ಷ ಠಾಣೆಯೂ ಅವರ ವಶವಾಯಿತು; ಠಾಣೆಯ ಆ ಕೋಟೆ ಇಂದು ಸೆರೆಮನೆಯಾಗಿದೆ. ಖಾಡಿಯ ಆಚೆಗೆ ವಸಯಿ. ಅದನ್ನು ಚಿಮಾಜಿ ಅಪ್ಪಾ ಗೆದ್ದದ್ದು 1739ರ ಮೇ ತಿಂಗಳಲ್ಲಿ. ಆ ಕೋಟೆಯನ್ನು ಗೆದ್ದ ರೀತಿಯನ್ನು ಸ್ವಲ್ಪ ಗಮನಿಸಬೇಕು. ಫೆಬ್ರವರಿಯಿಂದ ಮೇ ತನಕ, ಸುಮಾರು ಮೂರು ತಿಂಗಳು, ಸೈನಿಕರು ಹೆಚ್ಚಾಗಿ ಮಾಡಿದ ಕೆಲಸವೆಂದರೆ ಮಣ್ಣು ಅಗೆಯುವುದು. ಕಂದಕ ತೋಡುತ್ತ ಗೋಡೆಯ ಬುಡಕ್ಕೆ ಹೋಗಬೇಕು, ಅಲ್ಲಿ ಸುರಂಗ ಕೊರೆದು ಮದ್ದು ತುಂಬಬೇಕು, ಹೊತ್ತಿಸಬೇಕು. ಕೆಲವು ಸುರಂಗಗಳು ಸಿಡಿದು ಗೋಡೆ ಬಿರಿದ ಮೇಲೆ ಒಳನುಗ್ಗುವ ಭಯಂಕರ ಕಾಳಗ ನಡೆಯಿತೆಂಬುದು ನಿಜ. ಆದರೆ ಕೊನೆಯಾದದ್ದು ಕಾಗದದ ಮೇಲೆ. ಪೋರ್ಚುಗೀಸರು ಕರಾರು ಮಾಡಿಕೊಂಡು, ತಮ್ಮ ಸಾಮಾನುಗಳೊಡನೆ ಹಡಗು ಹತ್ತಿ ಹೊರಟುಹೋದರು. ಅವರ ಇಗರ್ಜಿಗಳ ಗಂಟೆಗಳು ಮಹಾರಾಷ್ಟ್ರದ ದೇವಾಲಯಗಳಿಗೆ ಬಂದವು. ನಾಸಿಕದ ನಾರೋಶಂಕರ ದೇವಾಲಯಕ್ಕೆ ಹೋದವರು ಅಂಥ ಗಂಟೆಯೊಂದನ್ನು ನೋಡಿರಬಹುದು.

ಇದನ್ನು ಚಿತ್ರವಾಗಿ ತೆಗೆಯಬೇಕೆಂದು ಯಾರಾದರೂ ಹೊರಟರೆ ಎರಡು ಗಂಟೆ ಗುದ್ದಲಿ ಕೆಲಸವನ್ನು ತೋರಿಸಿಯಾರೇ? ದುಡ್ಡು ಕೊಟ್ಟು ಟಿಕೇಟು ತೆಗೆದವನು ಎದ್ದು ಹೋಗುತ್ತಾನೆ. ಆದ್ದರಿಂದ ಕುದುರೆ ಓಡುತ್ತದೆ, ಕತ್ತಿ ಝಳಪಿಸುತ್ತದೆ, ನಾಯಕನು ಕೋಟೆಯ ಗೋಡೆಯನ್ನು ಹಾರುತ್ತಾನೆ. ಯುದ್ಧದಲ್ಲಿ ಕಾಯುವುದು, ಅಗೆಯುವುದು, ಹಸಿಯುವುದು, ಓಲೆ ಬರೆಯುವುದು ಇವೇ ಹೆಚ್ಚು, ಹೊಡೆದಾಟ ಕಡಿಮೆ. ಚಿತ್ರದಲ್ಲಿ ಇದು ತಿರುಗುಮುರುಗಾಗುತ್ತದೆ. ಈ ಒಂದು ವ್ಯತ್ಯಾಸವನ್ನು ನಾನು ತಪ್ಪೆಂದು ಎಣಿಸುವುದಿಲ್ಲ. ಅದು ಆ ಕಲೆಯ ಕಟ್ಟುಪಾಡು. ಬಯಲಾಟದಲ್ಲಿ ಮಹಾಭಾರತದ ಹದಿನೆಂಟು ದಿನದ ಯುದ್ಧ ಒಂದು ರಾತ್ರಿಯಲ್ಲಿ ಮುಗಿಯುವುದಿಲ್ಲವೆ?

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ‘ಕಿತ್ತೂರು ಚೆನ್ನಮ್ಮ’ ಚಿತ್ರ ತೆರೆಗೆ ಬಂದದ್ದು 1961ರಲ್ಲಿ. ನಿರ್ದೇಶಕರು ಬಿ. ಆರ್. ಪಂತುಲು. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್. ಚೆನ್ನಮ್ಮನನ್ನು ಕಣ್ಣಾರೆ ಕಂಡು ಬರೆದ ಚಿತ್ರ ಯಾವುದೂ ನಮ್ಮ ಬಳಕೆಯಲ್ಲಿಲ್ಲ; ಹೀಗಾಗಿ ಆರು ದಶಕಗಳಿಂದ ಕನ್ನಡಿಗರ ಮನಸ್ಸಿನಲ್ಲಿ ರಾಣಿಯ ಮುಖವೆಂದರೆ ಸರೋಜಾದೇವಿಯವರ ಮುಖವೇ. 2025ರ ಜುಲೈಯಲ್ಲಿ ಅವರು ತೀರಿಕೊಂಡಾಗ ನಮ್ಮ ಸದಸ್ಯರೊಬ್ಬರು “ನಮ್ಮ ಚೆನ್ನಮ್ಮ ಹೋದಳು” ಎಂದರು. ಅದನ್ನು ಕೇಳಿ ಯಾರೂ ನಗಲಿಲ್ಲ.

ಚಿತ್ರ ತೆರೆಕಂಡಾಗ ಸರೋಜಾದೇವಿಯವರಿಗೆ ಇಪ್ಪತ್ತಮೂರು ವರ್ಷ. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ಯುದ್ಧ ನಡೆದದ್ದು 1824ರಲ್ಲಿ. ಅಂದರೆ ಕೋಟೆಯ ಬಾಗಿಲಲ್ಲಿ ಕುಂಪಣಿಯ ಫಿರಂಗಿಗಳು ನಿಂತಾಗ ರಾಣಿಗೆ ನಲವತ್ತಾರರ ಆಸುಪಾಸು. ಗಂಡ ಮಲ್ಲಸರ್ಜ ಪೇಶ್ವೆಯ ಸೆರೆಯಿಂದ ಬಿಡುಗಡೆಯಾಗಿ ಬಂದವನು 1816ರಲ್ಲಿಯೇ ತೀರಿಹೋಗಿದ್ದ. ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ಈ ಹೆಸರು ಕೇಳಿದೊಡನೆ ನಮ್ಮ ಠಾಣೆಯ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಈತ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ, ಇಲ್ಲಿಯವನಲ್ಲ ಎಂದು ಸಮಾಧಾನ ಹೇಳಬೇಕಾಯಿತು.

ಮನೆಯಲ್ಲಿ ಸಾವಿನ ಮೇಲೆ ಸಾವು ಕಂಡ, ನಡುವಯಸ್ಸು ದಾಟುತ್ತಿದ್ದ ವಿಧವೆಯೊಬ್ಬಳು ಎಳೆಯ ದತ್ತುಮಗನನ್ನು ಮುಂದಿಟ್ಟುಕೊಂಡು, ಯುದ್ಧ ಬೇಡವೆಂದು ಮೊದಲು ಪತ್ರ ಬರೆದಳು. ಮುಂಬಯಿಯ ಗವರ್ನರ್ ಮೌಂಟ್‌ಸ್ಟೂಅರ್ಟ್ ಎಲ್ಫಿನ್‌ಸ್ಟನ್‌ನಿಗೆ ಆಕೆ ಮಾಡಿಕೊಂಡ ಮನವಿ ಫಲಿಸಲಿಲ್ಲ. 2018ರಲ್ಲಿ ಪ್ರಭಾದೇವಿ ಎಂದು ಹೆಸರು ಬದಲಾಗುವವರೆಗೆ ನಮ್ಮಲ್ಲಿ ಎಷ್ಟು ಜನ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ದಿನಾ ಇಳಿದು ಹತ್ತಿಲ್ಲ! ಕಿತ್ತೂರಿನ ರಾಣಿ ಕಾದದ್ದು ಆ ಹೆಸರಿನವನ ಉತ್ತರಕ್ಕೆಂದು ನನಗೇ ಬಹಳ ಕಾಲ ಹೊಳೆದಿರಲಿಲ್ಲ. ಕತ್ತಿ ಹಿಡಿದ ರಾಣಿಯ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತಿದೆ. ಲೇಖಣಿಕೆ ಹಿಡಿದು, ಉತ್ತರ ಬಂತೇ ಎಂದು ದಾರಿ ನೋಡಿದ ರಾಣಿಯ ಚಿತ್ರವೂ ನಿಲ್ಲಬೇಕಿತ್ತು. ಧೈರ್ಯ ಇದರಲ್ಲಿ ಕಡಿಮೆಯೇ?

ಅಕ್ಟೋಬರ್ 23ರಂದು ನಡೆದದ್ದು ಚಿತ್ರಕ್ಕಿಂತ ಕಡಿಮೆ ರೋಚಕವೇನಲ್ಲ. ಥ್ಯಾಕರೆ ಫಿರಂಗಿ ದಳವನ್ನು ತಂದು ಕೋಟೆಯ ಬಾಗಿಲು ತೆರೆಸಲು ಹೊರಟ. ಬಾಗಿಲು ತೆರೆಯಿತು, ಆದರೆ ಕಿತ್ತೂರಿನವರು ಒಳಗಿನಿಂದ ನುಗ್ಗಿ ಬಂದರು. ಥ್ಯಾಕರೆಯೂ ಅವನೊಡನಿದ್ದ ಮೂವರು ಸೈನ್ಯಾಧಿಕಾರಿಗಳೂ ಸತ್ತರು. ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪನೆಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಥ್ಯಾಕರೆಯ ಸ್ಮಾರಕಸ್ತಂಭ ಧಾರವಾಡದಲ್ಲಿದೆ. ಇಲ್ಲಿ ನಮ್ಮ ಹುಡುಗರಿಗೆ ತಿಳಿಸಬೇಕಾದ ಒಂದು ಸಂಗತಿಯೆಂದರೆ, ಇಂಥ ಚಿತ್ರಗಳನ್ನು ನೋಡಿದವರ ಮನಸ್ಸಿನಲ್ಲಿ ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಕೆಂಪು ಮುಖದ ಬಿಳಿಯರು ಎಂಬ ಗೆರೆ ಬೀಳುತ್ತದೆ. ಕುಂಪಣಿಯ ಸೈನ್ಯದಲ್ಲಿ ಬಿಳಿಯ ಅಧಿಕಾರಿಗಳು ಬೆರಳೆಣಿಕೆ. ಉಳಿದವರಲ್ಲಿ ಬಹುಪಾಲು ನಮ್ಮ ದೇಶದ ಸಿಪಾಯಿಗಳು. ಆ ದಿನ ಕಿತ್ತೂರಿನ ಬಾಗಿಲಲ್ಲಿ ಫಿರಂಗಿ ನಡೆಸಲು ಬಂದಿದ್ದವರು ಮದರಾಸು ಸೈನ್ಯದ ಸಿಪಾಯಿಗಳು. ಮತ್ತೂ ಒಂದು ಕಹಿ ಮಾತು. 1818ರಲ್ಲಿ ಕುಂಪಣಿಯು ಪೇಶ್ವೆಯ ಮೇಲೆ ಯುದ್ಧ ಹೂಡಿದಾಗ ಕಿತ್ತೂರು ಸಂಸ್ಥಾನ ನಿಂತದ್ದು ಕುಂಪಣಿಯ ಪಕ್ಷದಲ್ಲಿ. ಆರು ವರ್ಷದಲ್ಲಿ ಆ ಸ್ನೇಹಕ್ಕೆ ಸಂದ ಫಲ ಇದು. ಚಿತ್ರದ ಕಥೆ ಆರಂಭದಿಂದಲೂ ನೇರ ರೇಖೆಯಲ್ಲಿ ನಡೆದರೆ ಕೇಳಲು ಸುಲಭ. ಆದರೆ ಈ ತಿರುವನ್ನು ತಿಳಿದವನಿಗೆ ರಾಣಿಯ ಸಿಟ್ಟು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಡಿಸೆಂಬರಿನ ಮೊದಲ ವಾರದಲ್ಲಿ ಕುಂಪಣಿ ದೊಡ್ಡ ಸೈನ್ಯವನ್ನೂ ಭಾರಿ ಫಿರಂಗಿಗಳನ್ನೂ ತಂದು ಕೋಟೆಯನ್ನು ಹಿಡಿಯಿತು. ಈ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಗಾಯಗೊಂಡು ಸತ್ತ. ಆತ ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಕೋಟೆಯೊಳಗಿನ ದ್ರೋಹಿಗಳು ಮದ್ದಿನಲ್ಲಿ ಹಿಟ್ಟು ಬೆರೆಸಿದ್ದರಿಂದ ಸೋಲಾಯಿತೆಂಬ ಮಾತು ಜನರ ಬಾಯಲ್ಲಿದೆ. ಇದು ಪರಂಪರೆಯ ಮಾತು. ಪರಂಪರೆಯ ಮಾತೆಂದೇ ಮಕ್ಕಳಿಗೆ ಹೇಳಬೇಕು. ದ್ರೋಹವಿಲ್ಲದೆಯೂ ಅಷ್ಟು ದೊಡ್ಡ ಸೈನ್ಯದೆದುರು ಒಂದು ಚಿಕ್ಕ ಸಂಸ್ಥಾನ ಸೋಲಬಹುದು ಎಂಬುದನ್ನು ಒಪ್ಪಿಕೊಳ್ಳಲು ನಮಗೇಕೋ ಕಷ್ಟವಾಗುತ್ತದೆ.

ಈ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಥ್ಯಾಕರೆಯ ಕೈಕೆಳಗಿದ್ದ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿ ಅಕ್ಟೋಬರ್ 23ರಂದು ಕಿತ್ತೂರಿನವರ ಕೈಗೆ ಸಿಕ್ಕಿ ಸುಮಾರು ಆರು ವಾರ ಸೆರೆಯಲ್ಲಿದ್ದ. ಅವನ ಕೂದಲೂ ಕೊಂಕಲಿಲ್ಲ. ಬಿಡುಗಡೆಯಾದ ಮೇಲೆ ಇದೇ ಎಲಿಯಟ್ ಧಾರವಾಡ ಸೀಮೆಯಲ್ಲಿ ತಿರುಗಿ ಕನ್ನಡ ನಾಡಿನ ಶಾಸನಗಳ ಪ್ರತಿಗಳನ್ನು ಮಾಡಿಸಿದ. ಅವುಗಳ ಸಂಖ್ಯೆ ಐನೂರ ತೊಂಬತ್ತರ ಮೇಲೆ. ಚಾಲುಕ್ಯರ ವಂಶಾವಳಿಯನ್ನು ಹೊಸ ಕಾಲದ ವಿದ್ವಾಂಸರು ತಿಳಿದುಕೊಳ್ಳಲು ಆ ಸಂಗ್ರಹ ಮೊದಲ ಮೆಟ್ಟಿಲುಗಳಲ್ಲಿ ಒಂದಾಯಿತು. ರಾಣಿಯ ಸೆರೆಯಾಳು ಕನ್ನಡದ ಕಲ್ಲುಗಳನ್ನು ಓದಿಸಿದವನಾದ ಕಥೆಯನ್ನು ಯಾವ ಕಥೆಗಾರನಾದರೂ ಕಟ್ಟಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಶಾಸನದ ಮಾತು ಬಂದದ್ದರಿಂದ ‘ಮಯೂರ’ ಚಿತ್ರವನ್ನು ಎತ್ತಿಕೊಳ್ಳುತ್ತೇನೆ. 1975ರ ಚಿತ್ರ, ನಿರ್ದೇಶಕರು ವಿಜಯ್, ಮೂಲ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ. ಅದರಲ್ಲಿ ಬ್ರಾಹ್ಮಣ ಯುವಕನಾಗಿ ಬೆಳೆದ ಮಯೂರಶರ್ಮನಿಗೆ ತಾನು ಪಲ್ಲವರ ದ್ರೋಹದಿಂದ ರಾಜ್ಯ ಕಳೆದುಕೊಂಡ ಕದಂಬ ರಾಜವಂಶದ ಕುಡಿಯೆಂದು ತಿಳಿಯುತ್ತದೆ. ಚಿತ್ರಮಂದಿರದಲ್ಲಿ ಆ ಸನ್ನಿವೇಶಕ್ಕೆ ಬಿದ್ದ ಚಪ್ಪಾಳೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ ಶಾಸನ ಬೇರೆ ಕಥೆ ಹೇಳುತ್ತದೆ. ಅಲ್ಲಿ ಮಯೂರಶರ್ಮ ಮಾನವ್ಯಗೋತ್ರದ ಬ್ರಾಹ್ಮಣ ಕುಲದವನೇ. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋಗಿ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ, ಆ ಅವಮಾನವನ್ನು ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡನ್ನು ಸೇರಿದ. ಬಾಣರಿಂದ ಕಪ್ಪ ಎತ್ತಿದ. ಕೊನೆಗೆ ಪಲ್ಲವರೇ ರಾಜಿಯಾಗಿ ಅವನಿಗೆ ಪಡುಗಡಲಿನ ಕಡೆಯ ನಾಡನ್ನು ಬಿಟ್ಟುಕೊಟ್ಟರು.

ಎರಡರಲ್ಲಿ ಯಾವುದು ದೊಡ್ಡ ಕಥೆ? ನನ್ನ ಮಟ್ಟಿಗೆ ಕಲ್ಲಿನ ಕಥೆಯೇ ದೊಡ್ಡದು. ಕಳೆದುಹೋದ ಸಿಂಹಾಸನವನ್ನು ರಾಜಕುಮಾರ ಮರಳಿ ಪಡೆಯುವುದು ಎಲ್ಲ ದೇಶಗಳ ಅಜ್ಜಿಕಥೆಗಳಲ್ಲಿಯೂ ಉಂಟು. ಸಿಂಹಾಸನವೇ ಇಲ್ಲದ ವಿದ್ಯಾರ್ಥಿಯೊಬ್ಬ ಒಂದು ಬೀದಿ ಜಗಳದಿಂದ ರಾಜ್ಯ ಕಟ್ಟಿದ್ದು ಅಪರೂಪ. ಚಿತ್ರ ಆ ಅಪರೂಪವನ್ನು ಬಿಟ್ಟು ರೂಢಿಯ ಕಥೆಯನ್ನು ಹಿಡಿಯಿತು. ರಾಜಕುಮಾರರ ನಡೆನುಡಿಯ ಠೀವಿಗೆ ನಾನೂ ಮಾರುಹೋದವನೇ; ಆದರೂ ಈ ಮಾತು ಹೇಳದಿರಲಾರೆ. ತಾಳಗುಂದದ ಶಾಸನವನ್ನೂ ಪೂರ್ತಿ ನಂಬಬೇಕೆಂದಿಲ್ಲ. ಅದು ಮಯೂರಶರ್ಮನ ಕಾಲಕ್ಕೆ ನೂರು ವರ್ಷದಷ್ಟು ಈಚಿನದು, ಅವನ ವಂಶದ ಅರಸರ ಆಶ್ರಯದಲ್ಲಿದ್ದ ಕವಿ ಬರೆದದ್ದು. ಮಯೂರಶರ್ಮನ ಕಾಲದ್ದೇ ಆದ ಶಾಸನ ಚಿತ್ರದುರ್ಗದ ಹತ್ತಿರ ಚಂದ್ರವಳ್ಳಿಯಲ್ಲಿದೆ. ಅದು ಒಂದು ಕೆರೆಯ ವಿಷಯ. ಯುದ್ಧದ ಅರಸನ ಸ್ವಂತ ಕಾಲದ ಮಾತು ಕೆರೆಯನ್ನು ಕುರಿತಾದುದು!

ಹಾಗಾದರೆ ಗೆದ್ದವರ ಕವಿಯ ಮಾತನ್ನು ಒರೆಗೆ ಹಚ್ಚುವುದು ಹೇಗೆ? ಇದಕ್ಕೆ ಒಂದು ಒಳ್ಳೆಯ ಉದಾಹರಣೆಯುಂಟು, ಅದೂ ನಮ್ಮ ಖಾಡಿಗೆ ಹತ್ತಿರದ್ದು. 1967ರಲ್ಲಿ ಎನ್. ಸಿ. ರಾಜನ್ ನಿರ್ದೇಶನದ ‘ಇಮ್ಮಡಿ ಪುಲಿಕೇಶಿ’ ಬಂದಿತು. ಪುಲಿಕೇಶಿಯ ವಿಜಯಗಳನ್ನು ನಾವು ತಿಳಿಯುವುದು ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನದಿಂದ. ಅದರಲ್ಲಿ ಕೊಂಕಣದ ಮೌರ್ಯರ ಪುರಿ ಎಂಬ ಪಟ್ಟಣವನ್ನು ಹಡಗುಗಳಿಂದ ಮುತ್ತಿದ ಪ್ರಸ್ತಾಪವಿದೆ. ಆ ಪುರಿ ನಮ್ಮ ಮುಂಬಯಿ ಬಂದರಿನ ಘಾರಾಪುರಿಯೇ, ಅಂದರೆ ಎಲಿಫೆಂಟಾ ನಡುಗಡ್ಡೆಯೇ, ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಕನ್ನಡದ ನೌಕಾಸೇನೆ ಈ ನೀರಿನಲ್ಲಿ ಬಂದಿತ್ತೆಂದು ನೆನೆದರೆ ಗೇಟ್‌ವೇದಿಂದ ಹೊರಡುವ ಲಾಂಚಿನಲ್ಲಿ ಕುಳಿತವನಿಗೂ ಮೈನವಿರೇಳುತ್ತದೆ. ಅದಿರಲಿ. ಹರ್ಷವರ್ಧನನನ್ನು ಸೋಲಿಸಿದ ಮಾತೂ ಅಲ್ಲಿದೆ. ಆಸ್ಥಾನಕವಿಯ ಬಡಾಯಿ ಎಂದು ತಳ್ಳಿಹಾಕಬಹುದಾಗಿತ್ತು. ಆದರೆ ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ, ಹರ್ಷನು ಈ ಅರಸನನ್ನು ಮಾತ್ರ ಮಣಿಸಲಾರದೆ ಹೋದನೆಂದು ಬರೆದಿಟ್ಟ. ಎದುರು ಪಕ್ಷದ ಸ್ನೇಹಿತನೂ ಒಪ್ಪಿದ ಮೇಲೆ ಸಾಕ್ಷ್ಯ ಗಟ್ಟಿಯಾಯಿತು. ಈಚೆಗೆ ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು ಓದಿದ 619ರ ತಾಮ್ರಶಾಸನವೊಂದು ಆ ಯುದ್ಧ 618–19ರ ಚಳಿಗಾಲಕ್ಕೆ ಬರುವುದೆಂಬ ಅಭಿಪ್ರಾಯಕ್ಕೆ ದಾರಿ ಮಾಡಿದೆ. ಚಿತ್ರ ನೋಡಿದಾಗ ಹುಡುಗರು ಕೇಳಬೇಕಾದ ಪ್ರಶ್ನೆಯೂ ಇದೇ: ಸೋತವರು ಇದರ ವಿಷಯ ಏನು ಹೇಳಿದರು?

ಚಿತ್ರಪಟಗಳು ಹುಟ್ಟುವ ಮೊದಲೇ ನಮ್ಮಲ್ಲಿ ಯುದ್ಧದ ಚಿತ್ರ ಇತ್ತು. ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಹೊರಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧವನ್ನು ಬಣ್ಣದಲ್ಲಿ ಬರೆದಿದ್ದಾರೆ. ನಡುವೆ ಕೆಂಪಂಗಿಯ ಇಂಗ್ಲಿಷ್ ಸೈನ್ಯ ಚೌಕಾಕಾರವಾಗಿ ನಿಂತಿದೆ. ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಬಂಡಿ ಸಿಡಿದದ್ದು, ಬೇಲಿ ಸೆರೆಸಿಕ್ಕಿದ್ದು ಇಂಗ್ಲಿಷರ ಬರಹಗಳಿಂದಲೂ ಸಿದ್ಧವಾಗಿದೆ. ಆದರೆ ಇಂಗ್ಲಿಷರು ಗೊಂಬೆಗಳಂತೆ ಸಾಲಾಗಿ ನಿಂತಿರುವುದೂ ಸುಲ್ತಾನ ಹೂವು ಮೂಸುವಂಥ ನೆಮ್ಮದಿಯಲ್ಲಿರುವುದೂ ಗೆದ್ದವನ ಕಣ್ಣು. ಮುಖ್ಯ ಸಂಗತಿಗಳು ನಿಜ, ಮುಖಭಾವ ಪಕ್ಷಪಾತದ್ದು. ಒಳ್ಳೆಯ ಯುದ್ಧಚಿತ್ರಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ.

ಸ್ಥಳದ ಸತ್ಯವೆಂಬುದು ಬೇರೊಂದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು. ಯುದ್ಧದ ಚಿತ್ರವೇನೂ ಅಲ್ಲ. ಆದರೂ ಅದರ ಒಂದು ಹಾಡಿನಲ್ಲಿ ಜಯಂತಿಯವರು ಒನಕೆ ಹಿಡಿದ ಓಬವ್ವನಾಗಿ ಕಾಣಿಸಿಕೊಂಡ ಕೆಲವು ನಿಮಿಷಗಳು ಎಷ್ಟೋ ಪೂರ್ಣಪ್ರಮಾಣದ ಯುದ್ಧಚಿತ್ರಗಳಿಗಿಂತ ಗಟ್ಟಿಯಾಗಿ ನೆನಪಿನಲ್ಲಿ ಕೂತಿವೆ. ಕಾರಣ ಚಿತ್ರದುರ್ಗದ ಬಂಡೆಗಳು. ರಟ್ಟಿನ ಕೋಟೆಯನ್ನು ಕಟ್ಟದೆ ನಿಜವಾದ ಕಲ್ಲಿನ ನಡುವೆ ಚಿತ್ರ ತೆಗೆದರು. ಓಬವ್ವನ ಕಿಂಡಿಯಲ್ಲಿ ಒಮ್ಮೆ ನುಸುಳಿ ನೋಡಿದವನಿಗೆ, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಬರುವ ಸೈನಿಕರನ್ನು ಒಬ್ಬ ಹೆಣ್ಣುಮಗಳು ಒನಕೆಯಿಂದ ತಡೆಯುವುದು ಸಾಧ್ಯವೆಂದು ಯಾರೂ ಹೇಳದೆಯೇ ತಿಳಿಯುತ್ತದೆ. ಓಬವ್ವನ ಕಥೆ ದುರ್ಗದ ಜನ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದದ್ದು. ಹೈದರಾಲಿ ದುರ್ಗವನ್ನು ಮುತ್ತಿದ್ದೂ 1779ರಲ್ಲಿ ಅದನ್ನು ಹಿಡಿದದ್ದೂ ದಾಖಲೆಯ ಸಂಗತಿಗಳು.

ನಮ್ಮವರಷ್ಟೇ ಹೀಗೆ ಮಾಡುತ್ತಾರೆಂದು ಮಾಸ್ತರರು ತಿಳಿಯಬಾರದು. 1916ರಲ್ಲಿ ಇಂಗ್ಲಿಷರು ತಮ್ಮ ಜನಕ್ಕೆ ತೋರಿಸಿದ ಸೋಮ್ ಯುದ್ಧದ ಚಿತ್ರ ರಣರಂಗದಲ್ಲಿಯೇ ತೆಗೆದದ್ದೆಂದು ಹೆಸರಾಯಿತು. ಬಹುಭಾಗ ಹಾಗೆಯೇ ತೆಗೆದದ್ದು. ಆದರೆ ಸೈನಿಕರು ಕಂದಕದಿಂದ ಹತ್ತಿ ಹೊರಡುವ, ಒಬ್ಬ ಜಾರಿ ಬೀಳುವ, ಜನ ಕಣ್ಣೀರಿಟ್ಟ ಆ ದೃಶ್ಯ ಮಾತ್ರ ಬೇರೆ ಕಡೆ ನಟಿಸಿ ತೆಗೆದದ್ದು. 1957ರ ‘ಕ್ವಾಯ್ ನದಿಯ ಸೇತುವೆ’ ಎಂಬ ಪ್ರಖ್ಯಾತ ಚಿತ್ರವನ್ನು ನಮ್ಮಲ್ಲಿ ಹಿರಿಯರು ನೋಡಿರುತ್ತಾರೆ. ಅದರಲ್ಲಿ ಇಂಗ್ಲಿಷ್ ಕರ್ನಲ್ ಹಟಕ್ಕೆ ಬಿದ್ದು ಜಪಾನೀಯರಿಗೆ ಒಳ್ಳೆಯ ಸೇತುವೆ 	ಕಟ್ಟಿಕೊಡುತ್ತಾನೆ. ಕೊನೆಗೆ ಗುಪ್ತದಳದವರು ಇಟ್ಟ ಮದ್ದಿನಿಂದ ಅದು ಸಿಡಿಯುತ್ತದೆ. ನಿಜವಾದ ಕರ್ನಲ್ ಫಿಲಿಪ್ ಟೂಸಿ ತನ್ನ ಜನರನ್ನು ಉಳಿಸಿಕೊಳ್ಳಲು ಹೆಣಗಿದವನು, ಶತ್ರುವಿಗೆ ಮನಸಾರೆ ದುಡಿದವನಲ್ಲ. ಸೇತುವೆಗೆ ಪೆಟ್ಟುಬಿದ್ದದ್ದು 1945ರಲ್ಲಿ, ವಿಮಾನದ ಬಾಂಬಿನಿಂದ. ಇದಕ್ಕಿಂತ ದೊಡ್ಡ ಲೋಪ ಬೇರೆ. ಆ ರೈಲುದಾರಿಯಲ್ಲಿ ಸತ್ತ ಬಿಳಿಯ ಸೆರೆಯಾಳುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಏಷ್ಯಾದ ಕೂಲಿಗಳು ಸತ್ತರು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಬಂದ ತಮಿಳರು ಬಹುಸಂಖ್ಯೆಯಲ್ಲಿದ್ದರು. ಚಿತ್ರದಲ್ಲಿ ಅವರಿಗೆ ಜಾಗವಿಲ್ಲ. ತಪ್ಪು ತೋರಿಸಿದ್ದನ್ನು ತಿದ್ದಬಹುದು. ತೋರಿಸದೆಯೇ ಬಿಟ್ಟದ್ದು ನೋಡುವವನ ಅರಿವಿಗೇ ಬರುವುದಿಲ್ಲ.

ಹಿಂದಿಯ ‘ಬಾರ್ಡರ್’ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. 1997ರ ಈ ಚಿತ್ರದ ವಸ್ತು 1971ರ ಡಿಸೆಂಬರ್ 4–5ರ ರಾತ್ರಿಯ ಲೋಂಗೆವಾಲಾ ಯುದ್ಧ. ಮೇಜರ್ ಕುಲದೀಪ ಸಿಂಗ್ ಚಾಂದಪುರಿಯವರೂ ಸುಮಾರು 120 ಜನರೂ ಟ್ಯಾಂಕುಗಳ ದಂಡನ್ನು ರಾತ್ರಿಯಿಡೀ ತಡೆದು ನಿಲ್ಲಿಸಿದರು. ಬೆಳಗಾದ ಮೇಲೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಧ್ವಂಸಮಾಡಿದವು. ಇಷ್ಟು ನಿಜ. ಚಿತ್ರದಲ್ಲಿ ಪ್ರಮುಖ ಯೋಧರು ಒಬ್ಬರಾದ ಮೇಲೊಬ್ಬರು ಮಡಿಯುತ್ತಾರೆ. ವಾಸ್ತವವಾಗಿ ಆ ಠಾಣ್ಯದಲ್ಲಿ ಮಡಿದ ನಮ್ಮ ಸೈನಿಕರು ಇಬ್ಬರು. ಸುನೀಲ್ ಶೆಟ್ಟಿಯವರು ವಹಿಸಿದ ಭೈರೋನ್ ಸಿಂಗ್ ಪಾತ್ರ ಪರದೆಯ ಮೇಲೆ ವೀರಮರಣವನ್ನಪ್ಪಿತು. ನಿಜವಾದ ಭೈರೋನ್ ಸಿಂಗ್ ರಾಠೋಡರು ಸೇನಾಪದಕ ಪಡೆದು, ಊರಿನಲ್ಲಿ ಬಾಳಿ, ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಇಪ್ಪತ್ತೈದು ವರ್ಷ ಅವರು ತಮ್ಮ ಸಾವನ್ನು ಪರದೆಯ ಮೇಲೆ ಕಂಡ ಜನರ ನಡುವೆ ಬದುಕಬೇಕಾಯಿತು. ಅಷ್ಟು ಕಡಿಮೆ ಜನರನ್ನು ಕಳೆದುಕೊಂಡು ಆ ಠಾಣ್ಯವನ್ನು ಉಳಿಸಿಕೊಂಡದ್ದೇ ಸೈನ್ಯದ ಹೆಚ್ಚುಗಾರಿಕೆ. ಚಿತ್ರ ಸಾವುಗಳನ್ನು ಹೆಚ್ಚಿಸಿ ಆ ಹೆಚ್ಚುಗಾರಿಕೆಯನ್ನು ಕಡಿಮೆ ಮಾಡಿತೆಂದು ನನ್ನ ಅಭಿಪ್ರಾಯ. ಇದಕ್ಕಿಂತ 1990ರ ನಮ್ಮ ‘ಮುತ್ತಿನ ಹಾರ’ದ ದಾರಿ ಪ್ರಾಮಾಣಿಕವಾದುದು. ರಾಜೇಂದ್ರಸಿಂಗ್ ಬಾಬು ಅವರು ಕೊಡಗಿನ ಯೋಧನೊಬ್ಬನನ್ನು ಕಲ್ಪಿಸಿಕೊಂಡು ನಿಜವಾದ ಯುದ್ಧದ ನಡುವೆ ನಿಲ್ಲಿಸಿದರು. ಕಲ್ಪಿತ ಪಾತ್ರ ಸತ್ತರೂ ಬದುಕಿದರೂ ಯಾರ ಚರಿತ್ರೆಗೂ ಅನ್ಯಾಯವಿಲ್ಲ.

ಆದ್ದರಿಂದ ಅಂದಿನ ವಾದದಲ್ಲಿ ನಾನು ಅಜ್ಜನ ಪಕ್ಷವನ್ನೂ ಹಿಡಿಯಲಾರೆ, ಮಾಸ್ತರರ ಪಕ್ಷವನ್ನೂ ಹಿಡಿಯಲಾರೆ. ರಾಣಿಯ ಸೀರೆಯ ಅಂಚು ಆ ಕಾಲದ್ದಲ್ಲ, ಕುದುರೆಯ ಜೀನು ಸರಿಯಿಲ್ಲ ಎಂದು ಹುಡುಕುವವರ ಮೇಲೆ ನನಗೆ ಅಷ್ಟಾಗಿ ಆದರವಿಲ್ಲ. ಅಂಥ ತಪ್ಪು ಸಹಿಸಬಹುದು. ಯಾರು ಯಾರ ಮೇಲೆ ಯುದ್ಧ ಮಾಡಿದರು, ಯಾತಕ್ಕೆ ಮಾಡಿದರು, ಎಷ್ಟು ಜನ ಸತ್ತರು, ಕೊನೆಯಾದದ್ದು ಹೇಗೆ ಎಂಬಲ್ಲಿ ತಪ್ಪಿದರೆ ಸಹಿಸುವುದು ಕಷ್ಟ. ಆ ಚಿತ್ರವಿಲ್ಲದಿದ್ದರೆ ಹುಡುಗಿ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ ಎಂಬುದನ್ನೂ ಮಾಸ್ತರರಿಗೆ ಹೇಳಿದೆ. “ಅದು ಹೌದು” ಎಂದರು.

ಹುಡುಗಿಗೆ ಮೇಲಿನ ಸಂಗತಿಗಳಲ್ಲಿ ಕಿತ್ತೂರಿನ ಭಾಗವನ್ನು ಮುಂದಿನ ರವಿವಾರ ಹೇಳಿದೆ. ಕತ್ತಿಯ ವಿಷಯ ಅವಳು ಕೇಳಲಿಲ್ಲ. “ರಾಣಿ ಬರದ ಪತ್ರ ಮುಂಬೈಗೆ ಬಂದಿತ್ತಲ್ಲ, ಆವಾಗಿನ ಕಾಗದಪತ್ರ ಎಲ್ಲಾ ಎಲ್ಲಿ ಇಡ್ತಾರ?” ಎಂದಳು. ಕುಂಪಣಿಯ ಕಾಲದ ಮುಂಬಯಿ ಸರಕಾರದ ಹಳೆಯ ಕಾಗದಗಳ ಭಂಡಾರ ಕಾಳಾಘೋಡಾದಲ್ಲಿದೆ, ಅದೂ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿಯೇ, ಎಂದೆ. ದೀಪಾವಳಿ ರಜೆಯಲ್ಲಿ ಅಜ್ಜ ಅವಳನ್ನು ಠಾಣೆಯಿಂದ ಲೋಕಲ್ ಹತ್ತಿಸಿ, ಆ ಕಟ್ಟಡವನ್ನು ಹೊರಗಿನಿಂದಲಾದರೂ ತೋರಿಸಿಕೊಂಡು ಬರುವುದೆಂದು ನಿಶ್ಚಯವಾಗಿದೆ. ಮಾಸ್ತರರೂ ಜೊತೆಗೆ ಬರುತ್ತಾರಂತೆ. ಬರುವ ತಿಂಗಳ ಎರಡನೆಯ ರವಿವಾರ ವಾಚನಾಲಯದಲ್ಲಿ ‘ಮಯೂರ’ ಚಿತ್ರವಿದೆ. ತಾಳಗುಂದ ಶಾಸನದ ಕನ್ನಡ ಸಾರಾಂಶವನ್ನು ಬರೆಸಿ ಪತ್ರಿಕೆಗಳ ಮೇಜಿನ ಮೇಲೆ ಇಡಲಾಗುವುದು.